ವಿರೂಪಾಕ್ಷನ ಹೆಂಡತಿ ಯಾಕೆ ಹೋದಳು

ಟಿವಿಯವರಿಗೆ ತಲೆ ಕೆಟ್ಟಿದೆ ಎಂದು ಮೊದಲ ದಿನವೇ ಅಂದುಕೊಂಡೆ. ನಮ್ಮ ಪತ್ತೇದಾರ ವಿರೂಪಾಕ್ಷನಿಗೆ ತಲೆತುಂಬ ಕೂದಲು! ಹಳೇ ಸೀರಿಯಲ್ಲಿನಲ್ಲಿ ಆತ ಬೋಳುತಲೆಯ ಮುದುಕ, ಎಡಗಾಲು ಎಳೆದು ಹಾಕುತ್ತಿದ್ದವನು, ಒಲೆಯ ಮೇಲೆ ಉಪ್ಪಿಟ್ಟು ಇಟ್ಟು ಕೊಲೆಗಾರನ ಬಗ್ಗೆ ಯೋಚಿಸುತ್ತ ತಳ ಹಿಡಿಸುತ್ತಿದ್ದವನು. ಈಗ ನೋಡಿದರೆ ಮೀಸೆ ಚಿಗುರಿದ ಹುಡುಗನೊಬ್ಬ ಅದೇ ಹೆಸರಿಟ್ಟುಕೊಂಡು ಬೈಕಿನಿಂದ ಹಾರಿ ಇಳಿಯುತ್ತಿದ್ದಾನೆ. ಪಕ್ಕದ ಮನೆಯ ವಾಣಿಶ್ರೀಯನ್ನು ಕಾಂಪೌಂಡಿನ ಮೇಲಿಂದಲೇ ಕೂಗಿ ಕೇಳಿದೆ.

“ಇದು ಪ್ರೀಕ್ವೆಲ್ಲು ಆಂಟಿ. ಮುಂದಿನ ಕಥೆ ಅಲ್ಲ, ಹಿಂದಿನ್ದು. ಅವ್ರು ವಯಸ್ಸಲ್ಲಿದ್ದಾಗ ಏನೇನಾಯ್ತು ಅಂತ.”

“ಆಗೋಗಿದ್ದನ್ನ ಈಗ್ಯಾಕೆ ತೋರಿಸ್ತಾರೆ?”

“ಹೆಂಡ್ತಿ ಯಾಕೆ ಬಿಟ್ಟೋದ್ಲು ಅಂತ ಗೊತ್ತಾಗ್ಬೇಕಲ್ಲ ಆಂಟಿ!”

ಹಳೇ ಸೀರಿಯಲ್ಲಿನಲ್ಲಿ ವಿರೂಪಾಕ್ಷ ಊರವರ ಗುಟ್ಟನ್ನೆಲ್ಲ ಬಿಡಿಸಿದ. ತನ್ನ ಹೆಂಡತಿ ವಸುಧಾ ಮನೆ ಬಿಟ್ಟು ಯಾಕೆ ಹೋದಳು ಎನ್ನುವುದೊಂದು ಮಾತ್ರ ಅವನಿಗೂ ತಿಳಿಯಲಿಲ್ಲ, ನೋಡುವ ನಮಗೂ ತಿಳಿಯಲಿಲ್ಲ. ನನ್ನ ಮನೆಯಲ್ಲೂ ಅಂಥದೇ ಒಂದು ಕೇಸು ಬಂದು ಕೂತಿತ್ತು. ನನ್ನ ಒಬ್ಬಳೇ ಮಗಳು ಇರಮ್ ಎರಡು ತಿಂಗಳ ಹಿಂದೆ ತುಮಕೂರಿನ ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದು ಕುಣಿಗಲ್ಲಿಗೆ ಬಂದಿದ್ದಳು. ವಾಪಸು ಹೋಗುವ ಮಾತೇ ಇರಲಿಲ್ಲ.

ಅಳಿಯ ಅಫ್ತಾಬ್ ಕೆಟ್ಟವನಲ್ಲ. ತುಮಕೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಬೀಡಿ ಇಲ್ಲ, ಸಿಗರೇಟಿಲ್ಲ, ಜೋರು ದನಿ ಇಲ್ಲ. ಇರುವುದೊಂದೇ ಕಾಯಿಲೆ, ಮಾತು ತಿದ್ದುವುದು. ಅವರಪ್ಪ ಉರ್ದು ಮೇಷ್ಟ್ರು. ಆ ಮನೆಯಲ್ಲಿ ಆಡುವ ಉರ್ದು ಇಸ್ತ್ರಿ ಹಾಕಿ ಮಡಿಸಿಟ್ಟ ಹಾಗೆ ಇರುತ್ತದೆ. ನಮ್ಮದು ಕುಣಿಗಲ್ ಉರ್ದು, ಅದರಲ್ಲಿ ಕನ್ನಡ ಎಷ್ಟು, ಉರ್ದು ಎಷ್ಟು ಎಂದು ಬೇರೆ ಮಾಡಲು ಯಾರಿಂದಲೂ ಆಗದು. ಮದುವೆಯಾದ ಹೊಸತರಲ್ಲಿ ಇರಮ್ ಬಾಯಿ ತೆರೆದರೆ ಆ ಮನೆಯವರು ನಗುತ್ತಿದ್ದರಂತೆ. ಪ್ರೀತಿಯಿಂದಲೇ ನಗುತ್ತಿದ್ದರು ಎಂದು ಅವಳೇ ಹೇಳಿದ್ದಳು. ಆಮೇಲಾಮೇಲೆ ಅವಳು ಅಲ್ಲಿ ಮಾತೇ ಕಡಿಮೆ ಮಾಡಿದಳು.

ಬಂದ ದಿನ ಏನಾಯಿತೆಂದು ಕೇಳಿದೆ. ಬೈದನೇ? ಇಲ್ಲ. ಹೊಡೆದನೇ? ಇಲ್ಲ. ಅತ್ತೆ? ಇಲ್ಲ.

“ಬೇಜಾರಾಗಿದೆ ಅಂದೆ ಅಮ್ಮೀ. ಹಂಗಾದ್ರೆ ಅಮ್ಮನ ಮನೆಗೆ ಹೋಗು ಅಂದ್ರು.”

ಅಷ್ಟೇ. ಇದ್ಯಾವ ಸೀಮೆ ಜಗಳ? ಬೇಜಾರು ಎಂದ ಹೆಂಡತಿಗೆ ಹೋಗು ಎನ್ನುವ ಗಂಡನನ್ನು ನಾನು ಕಂಡಿರಲಿಲ್ಲ. ಮತ್ತೆ ಕೆದಕಿದರೆ ಇರಮ್ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವನು ಫೋನ್ ಮಾಡಲಿಲ್ಲ. ಅವಳು ತನ್ನ ದೊಡ್ಡ ಫೋನನ್ನು ಬೀರುವಿನ ಮೇಲೆ ಎಸೆದು ನನ್ನ ಗುಂಡಿ ಫೋನನ್ನು ಇಟ್ಟುಕೊಂಡಳು. ಮೊದಮೊದಲು ಎರಡು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ಆಮೇಲೆ ನನಗೆ ನಿಜವಾಗಿ ಭಯವಾಯಿತು. ಜಗಳ ದೊಡ್ಡದಾದರೆ ಹಿರಿಯರು ಕೂತು ಬಿಡಿಸಬಹುದು. ಇಲ್ಲಿ ಬಿಡಿಸಲು ಏನೂ ಇರಲಿಲ್ಲ, ಇಬ್ಬರೂ ಸುಮ್ಮನೆ ಇದ್ದು ಇದ್ದು ಒಂದು ಮನೆ ಮುರಿದು ಹೋಗುವುದರಲ್ಲಿತ್ತು.

ಬೀರುವಿನ ಮೇಲಿದ್ದ ಫೋನನ್ನು ನಾನು ಕೆಳಗಿಳಿಸಿಕೊಂಡೆ. ಅದರೊಳಗೆ ವಾಣಿಶ್ರೀ ನನ್ನನ್ನು ಒಂದು ಗ್ರೂಪಿಗೆ ಸೇರಿಸಿದಳು. ‘ವಿರೂಪಾಕ್ಷ ವೀಕ್ಷಕರು’ ಎಂದು ಅದರ ಹೆಸರು. ತುಮಕೂರು, ಗುಬ್ಬಿ, ಚೇಳೂರು, ಯಡಿಯೂರು, ಎಲ್ಲ ಕಡೆಯವರೂ ಇದ್ದರು. ಮೈಕಿನ ಗುರುತು ಒತ್ತಿ ಮಾತಾಡಿದರೆ ಫೋನೇ ಅಕ್ಷರ ಬರೆದುಕೊಳ್ಳುತ್ತದೆ ಎಂದು ಅವಳೇ ಕಲಿಸಿದಳು. ಕನ್ನಡ ಓದಲು ನನಗೆ ಬರುತ್ತದೆ. ನಾನು “ವಿರೂಪಾಕ್ಷ” ಎಂದರೆ ಅದು “ವಿರೂಪ ಅಕ್ಕ” ಎಂದು ಬರೆಯುತ್ತಿತ್ತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಅಬ್ಬಬ್ಬಾ, ಆ ಗ್ರೂಪಿನ ಜನ! ಸಂಜೆ ಮಗ್ರಿಬ್ ನಮಾಜು ಮುಗಿಸಿ ನಾನು ಟಿವಿ ಮುಂದೆ ಕೂರುವ ಹೊತ್ತಿಗೆ ಸರಿಯಾಗಿ ಕಂತು ಶುರುವಾಗುತ್ತಿತ್ತು, ಅದು ಮುಗಿಯುವ ಮೊದಲೇ ಗ್ರೂಪಿನಲ್ಲಿ ಪಂಚಾಯಿತಿ. ಯಡಿಯೂರಿನಲ್ಲಿ ಹೂವಿನ ಅಂಗಡಿ ಇಟ್ಟ ಷಡಕ್ಷರಿಗೆ ಪ್ರೀಕ್ವೆಲ್ ಹಿಡಿಸಿರಲೇ ಇಲ್ಲ. “ಇವ್ನು ಸಾಯಲ್ಲ ಅಂತ ನಮಗೆ ಮೊದಲೇ ಗೊತ್ತು. ಮುದುಕ ಆಗೋತನಕ ಬದುಕಿರ್ತಾನೆ. ಆಮೇಲೆ ಗುಂಡು ಹಾರಿಸಿ ಹೆದರಿಸಿದ್ರೆ ಯಾರು ಹೆದರ್ತಾರೆ?” ಎಂದು ಅವನ ತಕರಾರು. ಕಥೆ ಯಾವುದೋ ದೂರದ ಊರಿನಲ್ಲಿ ನಡೆಯುತ್ತದೆ ಅಂತ ಹೇಳಿ ನಮ್ಮ ಪಕ್ಕದ ದೇವರಾಯನದುರ್ಗದ ಬೆಟ್ಟ ತೋರಿಸುತ್ತಾರೆ ಎಂದು ಇನ್ನೊಬ್ಬರ ಸಿಟ್ಟು. ಹಳೇ ಕಾಲದ ಬೀದಿಯಲ್ಲಿ ಮೊಬೈಲ್ ಟವರು ನಿಂತಿದೆ ಎಂದು ಫೋಟೋ ಸಮೇತ ದೂರು. ಗುಬ್ಬಿಯ ಮಹಾಲಕ್ಷ್ಮಮ್ಮ ಬರೆಯುತ್ತಿರಲಿಲ್ಲ, ದನಿ ಕಳಿಸುತ್ತಿದ್ದರು, ಹಿಂದೆ ಕುಕ್ಕರ್ ಕೂಗುತ್ತಿತ್ತು. “ಹೊಸ ಹುಡ್ಗ ಚೆನ್ನಾಗವ್ನೆ, ಆದ್ರೆ ನಮ್ಮ ಮುದುಕಪ್ಪನ ಕಣ್ಣು ಇವ್ನಿಗಿಲ್ಲ ಬುಡಿ.”

ಆ ಜನರ ನಡುವೆ ಒಂದು ಹೆಸರು ಕಂಡು ನನ್ನ ಕೈಯಲ್ಲಿದ್ದ ಚಹಾ ಲೋಟ ಹಾಗೇ ನಿಂತಿತು. ಅಫ್ತಾಬ್. ಪಕ್ಕದಲ್ಲಿ ಕನ್ನಡಕದ ಅಂಗಡಿಯ ಪುಟ್ಟ ಚಿತ್ರ. ನಮ್ಮ ಅಳಿಯ ಮಹಾಶಯ ವಿರೂಪಾಕ್ಷನ ಹಳೇ ಅಭಿಮಾನಿ! ನನ್ನ ಕೈಯಲ್ಲಿದ್ದದ್ದು ಇರಮ್ ಫೋನು, ಮೇಲೆ ಕಾಣುತ್ತಿದ್ದದ್ದು ಇರಮ್ ಹೆಸರು. ಅವನೂ ನೋಡಿರಲೇಬೇಕು. ನಾನು ಚಾಂದ್ ಬೀ, ನಿನ್ನ ಅತ್ತೆ, ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವನು ಅವಳಿಗೆಂದೇ ಬೇರೆಯಾಗಿ ಒಂದು ಸಲಾಂ ಕಳಿಸಿದ್ದರೂ ಫೋನನ್ನು ಮಗಳ ಕೈಗೆ ಕೊಡುತ್ತಿದ್ದೆ. ಆ ಬಿಗುಮಾನದ ಗಂಡು ಕಳಿಸಲಿಲ್ಲ.

ನಾನೇ ಒಂದು ದಿನ ಮೈಕು ಒತ್ತಿ, ಈ ಹುಡುಗ ಊರಿನ ಚಪ್ಪಲಿ ಗುರುತುಗಳನ್ನೆಲ್ಲ ಬಗ್ಗಿ ನೋಡುತ್ತಾನೆ, ಹೆಂಡತಿ ಮುಖವನ್ನು ಒಂದು ಸಲವೂ ನೆಟ್ಟಗೆ ನೋಡಲಿಲ್ಲ ಎಂದೆ. ಬಹಳ ಹೊತ್ತು ಬಿಟ್ಟು ಅಫ್ತಾಬನ ಉತ್ತರ ಬಂತು. “ಇರಮ್ ಅವರೇ, ಅವನಿಗೆ ಕೆಲಸದ ಒತ್ತಡ ಇರುತ್ತದೆ. ಆಕೆ ಬಾಯಿಬಿಟ್ಟು ಹೇಳಬೇಕು.”

ಇರಮ್ ಅವರೇ! ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆಮೇಲೆ ದಿನವೂ ಅದೇ ಆಯಿತು. ನಾನು ವಸುಧಾಳ ಪರ, ಅವನು ವಿರೂಪಾಕ್ಷನ ಪರ. ಊರಿಗೆಲ್ಲ ಕಾಣುವ ಹಾಗೆ ಗಾಜು ತಿಕ್ಕಿ ಕೊಡುವವನ ಕಣ್ಣು ಎಲ್ಲಿದೆಯಪ್ಪ ಎಂದು ಕೇಳಬೇಕೆನಿಸುತ್ತಿತ್ತು, ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಆದರೂ ಅವನ ಮಾತಿನ ಖಾರ ದಿನದಿಂದ ದಿನಕ್ಕೆ ಇಳಿಯಿತು. “ನೀವು ಹೇಳುವುದೂ ಸರಿ ಇರಬಹುದು” ಎಂದು ಒಂದು ದಿನ ಬರೆದ. ಕೊನೆಗೆ ಅವಳು ವಾಪಸು ಬರುತ್ತಾಳೆಯೇ ಎಂದು ಇನ್ನೊಂದು ದಿನ ಕೇಳಿದ. “ಹಳೇ ಸೀರಿಯಲ್ ನೋಡಿಲ್ವಾ ಸಾರ್? ಬರಲ್ಲ. ಮೊದಲೇ ಗೊತ್ತಲ್ಲ” ಎಂದು ಷಡಕ್ಷರಿ ಬರೆದ.

ಮಧ್ಯಾಹ್ನ ಅದೇ ಕಂತನ್ನು ಮತ್ತೆ ಹಾಕುತ್ತಿದ್ದರು. ಇರಮ್ ಒಳಗೆ ಮಲಗಿರುತ್ತಿದ್ದಳು. ಕೆರೆ ಕಡೆಯಿಂದ ಗಾಳಿ ಬಂದು ಬಾಗಿಲ ಪರದೆ ಉಬ್ಬಿ ಇಳಿಯುತ್ತಿತ್ತು. ನಾನು ದಿಂಬಿಗೆ ಒರಗಿ ಅರ್ಧ ನೋಡುತ್ತ ಅರ್ಧ ತೂಕಡಿಸುತ್ತ ಇರುತ್ತಿದ್ದೆ. ಆಗ ಟಿವಿಯ ಮನೆಗೂ ನನ್ನ ಮನೆಗೂ ನಡುವೆ ಗೋಡೆ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಎದ್ದು ಅವರ ಅಂಗಳಕ್ಕೆ ಕಾಲಿಟ್ಟೆ. ವಸುಧಾ ನನಗೆ ಮಣೆ ಹಾಕಿದಳು. ಅವರ ಮನೆಯ ಬೆಳಕಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಪತ್ತೇದಾರನ ಮನೆಯಲ್ಲಿ ಹತ್ತಿ ಎಲ್ಲಿಂದ ಬಂತು ಎಂದು ನೋಡಿದರೆ, ಮಂಚದ ಮೇಲೆ ನನ್ನ ಯಜಮಾನರು ಮನ್ಸೂರ್ ಅಲಿ ಕೂತಿದ್ದರು.

ಅವರದು ಹಾಸಿಗೆ ಅಂಗಡಿ. ಅವರು ತೀರಿಕೊಂಡು ಆರು ವರ್ಷವಾಯಿತು. ದಿನವಿಡೀ ಹತ್ತಿ ಹಿಂಜಿ, ಮನೆಗೆ ಬರುವಾಗ ಗಡ್ಡದಲ್ಲಿ, ರೆಪ್ಪೆಯಲ್ಲಿ, ಕಿವಿಯ ಹಿಂದೆ ಹತ್ತಿ. ಕುಣಿಗಲ್ಲಿನ ಅರ್ಧ ಜನಕ್ಕೆ ನಿದ್ದೆ ಕೊಟ್ಟವರು ಅವರೇ. ಕನಸಿನಲ್ಲಿಯೂ ಹಾಗೇ ಇದ್ದರು, ನನ್ನ ಕಡೆ ನೋಡದೆ ಏನೋ ಲೆಕ್ಕ ಹಾಕುತ್ತ. ಆ ಕಡೆ ವಿರೂಪಾಕ್ಷ ಬೂಟು ಕಟ್ಟಿಕೊಳ್ಳುತ್ತಿದ್ದ. ಅವನು ಈಗ ಹೋಗುತ್ತಾನೆ, ಮುಂದೆ ಅವಳು ಹೋಗುತ್ತಾಳೆ, ಆಮೇಲೆ ಇವನು ಮುದುಕನಾಗಿ ಉಪ್ಪಿಟ್ಟು ಸೀಯಿಸುತ್ತಾನೆ, ಎಲ್ಲ ನನಗೆ ಗೊತ್ತಿತ್ತು. ಒಂದು ಗಳಿಗೆ ಕೂತುಕೊಳ್ಳಪ್ಪ ಎಂದು ಹೇಳಲು ಬಾಯಿ ತೆರೆದೆ. ದನಿ ಬರಲಿಲ್ಲ. ಯಾರಿಗೆ ಹೇಳುತ್ತಿದ್ದೇನೆ ಎಂಬುದೂ ಸರಿಯಾಗಿ ತಿಳಿಯಲಿಲ್ಲ. ಎಚ್ಚರವಾದಾಗ ಯಾವುದೋ ಸೋಪಿನ ಜಾಹೀರಾತು ಬರುತ್ತಿತ್ತು, ಕಣ್ಣು ಒದ್ದೆಯಾಗಿತ್ತು.

ಕೊನೆಯ ವಾರ ಬಂತು. ಆ ಸಂಜೆ ವಸುಧಾ ಬಾಗಿಲ ಹತ್ತಿರ ನಿಂತು, “ರೀ, ನಂಗೆ ಬೇಜಾರಾಗ್ತಿದೆ” ಎಂದಳು. ವಿರೂಪಾಕ್ಷ ತಲೆ ಎತ್ತದೆ, “ಅಕ್ಕನ ಜೊತೆ ಸಿನಿಮಾಗೆ ಹೋಗ್ಬಾ” ಎಂದು ಬೈಕು ಹತ್ತಿದ. ಕಂತು ಅಲ್ಲಿಗೆ ಮುಗಿಯಿತು. ಗ್ರೂಪಿನಲ್ಲಿ ಗದ್ದಲವೋ ಗದ್ದಲ. ಸಿನಿಮಾಗೆ ಕಳಿಸಿದನಲ್ಲ, ಇನ್ನೇನು ಮಾಡಬೇಕಿತ್ತು ಎಂದು ಗಂಡಸರು. ತಾನೇ ಕರೆದುಕೊಂಡು ಹೋಗಬೇಕಿತ್ತು ಎಂದು ಹೆಂಗಸರು. ನಡುವೆ ಅಫ್ತಾಬ್ ಬರೆದ.

“ನಿಮಗೆ ಯಾರಿಗೂ ಪದದ ಅರ್ಥ ಗೊತ್ತಿಲ್ಲ. ಅದು ಫಾರ್ಸಿಯಿಂದ ನಮ್ಮ ಉರ್ದುವಿಗೆ ಬಂದ ಪದ. ಸರಿಯಾಗಿ ಹೇಳಿದರೆ ಬೇಝಾರ್. ನೀನು ಸಾಕಾಗಿದ್ದೀಯ, ನಿನ್ನ ಮುಖ ನೋಡಲೂ ಇಷ್ಟವಿಲ್ಲ ಎಂದು ಅದರ ಅಸಲಿ ಅರ್ಥ. ಹೆಂಡತಿ ಅಷ್ಟು ಹೇಳಿದ ಮೇಲೆ ಗಂಡ ಏನು ಮಾಡಬೇಕು? ದಾರಿ ಬಿಡಬೇಕು.”

ಮಹಾಲಕ್ಷ್ಮಮ್ಮನ ದನಿ ಸಿಡಿಯಿತು. “ಏನ್ ಸಾಮಿ ನೀವು? ನಂಗೆ ದಿನಾ ಬೆಳಗಾದ್ರೆ ಬೇಜಾರಾಗ್ತದೆ, ಹಂಗಂತ ಯಾರ ಮುಖಾನೂ ನೋಡ್ದಂಗೆ ಎದ್ದೋಗಕ್ಕಾಯ್ತದಾ? ಆ ಪದ ಎಲ್ಲಿಂದಾನಾ ಬಂದಿರ್ಲಿ, ಗುಬ್ಬಿಗೆ ಬಂದ್ಮ್ಯಾಲೆ ಅದು ನಮ್ದು!”

ನಾನು ಜೋರಾಗಿ ನಕ್ಕೆ. ನಗುತ್ತಿದ್ದವಳು ಗಕ್ಕನೆ ನಿಂತೆ.

ಇರಮ್ ಗಂಡನಿಗೆ ಅದನ್ನು ಹೇಳಿದ್ದು ಉರ್ದುವಿನಲ್ಲಿ. ನಮ್ಮ ಕುಣಿಗಲ್ ಉರ್ದುವಿನಲ್ಲಿ ಬೇಜಾರು ಎಂದರೆ ಕನ್ನಡದ ಬೇಜಾರೇ, ಮನಸ್ಸು ಸಪ್ಪಗಾಗಿದೆ, ಯಾಕೋ ಅಳು ಬರುತ್ತಿದೆ ಅಂತ. ಮೇಷ್ಟ್ರ ಮಗನ ಕಿವಿಗೆ ಅದು ಇಸ್ತ್ರಿ ಹಾಕಿದ ಉರ್ದುವಾಗಿ ಬಿದ್ದಿದೆ. ನಿನ್ನ ಮುಖ ನೋಡಲು ಇಷ್ಟವಿಲ್ಲ ಎಂದು ಹೆಂಡತಿ ಹೇಳಿದಳು ಎಂದುಕೊಂಡು, ಪಾಪ, ದಾರಿ ಬಿಟ್ಟಿದ್ದಾನೆ. ಒಳಗೊಳಗೇ ಬೆಂದಿದ್ದಾನೆ. ಇವಳು ನನ್ನನ್ನು ಹೋಗು ಎಂದರಲ್ಲ ಎಂದು ಬೆಂದಿದ್ದಾಳೆ. ಪೆದ್ದು ಮುಂಡೇವು!

ಒಳಗೆ ಹೋಗಿ ಮಗಳಿಗೆ ಹೇಳಲೇ? ಗೋಡೆ ಕಡೆ ತಿರುಗಿಕೊಂಡು, ಅಷ್ಟೂ ಅರ್ಥವಾಗದವರಿಗೆ ನಾನ್ಯಾಕೆ ಬಿಡಿಸಿ ಹೇಳಲಿ ಎನ್ನುತ್ತಾಳೆ. ಅಳಿಯನಿಗೆ ಫೋನ್ ಮಾಡಲೇ? ಏಳನೇ ಕ್ಲಾಸು ಓದಿದ ಅತ್ತೆ ಉರ್ದು ಹೇಳಿಕೊಡಲು ಬಂದರೆ ಅವನು ಡಿಕ್ಷನರಿ ತೆಗೆಯುತ್ತಾನೆ. ಇರಮ್ ಹೆಸರಿನಲ್ಲೇ ಹೇಳಬೇಕು, ಕನ್ನಡದಲ್ಲೇ ಹೇಳಬೇಕು. ಮೈಕು ಒತ್ತಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿಗೆ ಅದಾಗೇ ಬಂತು.

“ಬೇಜಾರು ಅಂದ್ರೆ ಸಾಕು ಅಂತಲ್ಲ. ಬೋರು ಅಂತಾನೂ ಅಲ್ಲ. ಮನೇಲಿ ಎಲ್ಲಾ ಇದೆ, ಒಳಗೆ ನಾನೊಬ್ಳೇ ಇದೀನಿ ಅಂತ. ನೀನು ಏನೂ ಮಾಡ್ಬೇಡ, ಏನೂ ತರ್ಬೇಡ, ಬಂದು ಒಂದು ಗಳಿಗೆ ಪಕ್ಕದಲ್ಲಿ ಕೂತ್ಕೋ ಅಂತ. ಹೆಂಗಸು ಅದನ್ನ ಒಂದ್ಸಲ ಹೇಳ್ತಾಳೆ. ಗಂಡ ಕೇಳಿಸ್ಕೊಳ್ಳಿಲ್ಲ ಅಂದ್ರೆ ಆಮೇಲೆ ಹೇಳಲ್ಲ.”

ಫೋನು ಒಂದಕ್ಷರವನ್ನೂ ತಪ್ಪು ಬರೆಯಲಿಲ್ಲ. ಎಲ್ಲದಕ್ಕೂ ತಕರಾರು ತೆಗೆಯುವ ಷಡಕ್ಷರಿ ಕೂಡ ಕೈಮುಗಿದ ಚಿತ್ರ ಹಾಕಿದ. ಅಫ್ತಾಬನಿಂದ ಏನೂ ಬರಲಿಲ್ಲ. ಮಾರನೇ ದಿನವೂ ಇಲ್ಲ, ಅದರ ಮಾರನೇ ದಿನವೂ ಇಲ್ಲ. ಹೆಚ್ಚಾಯಿತೇನೋ, ನಾಲ್ಕು ಜನರ ಮುಂದೆ ಮನೆಯ ಮಾತು ಹರಡಿದಳು ಎಂದುಕೊಂಡನೇನೋ. ಮಗಳ ಹೆಸರಿನಲ್ಲಿ ಮಾತಾಡಿ ಮಗಳ ಬಾಳನ್ನೇ ಹಾಳು ಮಾಡಿದೆನೇ ಎಂದು ಅನ್ನ ಸೇರಲಿಲ್ಲ.

ಕೊನೆಯ ಕಂತಿನ ದಿನ ಟಿವಿ ಹಾಕಿ ಕೂತಿದ್ದೆ. ಇರಮ್ ಅಲ್ಲೇ ಚಾಪೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ವಿರೂಪಾಕ್ಷ ಮನೆಗೆ ಬರುತ್ತಾನೆ, ಮನೆ ಕತ್ತಲೆ, ಮೇಜಿನ ಮೇಲೆ ವಸುಧಾಳ ಬಳೆ. ಸರಿಯಾಗಿ ಆಗಲೇ ನಮ್ಮ ಬಾಗಿಲು ಸದ್ದಾಯಿತು. ಪರದೆ ಸರಿಸಿ ಅಫ್ತಾಬ್ ನಿಂತಿದ್ದ. ಅತ್ತೆ ಮನೆಗೆ ಎಂದೂ ಬೇಕರಿ ಪೊಟ್ಟಣವಿಲ್ಲದೆ ಬಂದವನಲ್ಲ, ಆ ದಿನ ಬರಿಗೈ. ಏನೂ ತರಬೇಡ ಎಂದದ್ದನ್ನು ಅಕ್ಷರಶಃ ತೆಗೆದುಕೊಂಡಿದ್ದಾನೆ ಎಂದು ನನಗೆ ಆ ಗಾಬರಿಯಲ್ಲೂ ನಗು ಬಂತು.

ಅವನು ನನಗೆ ಸಲಾಂ ಹೇಳಿ, ಸೀದಾ ಹೋಗಿ ಚಾಪೆಯ ಮೇಲೆ ಇರಮ್ ಪಕ್ಕದಲ್ಲಿ ಕೂತ. ಪ್ಯಾಂಟಿನ ಮಡಿಕೆ ಕೂಡ ನೋಡಿಕೊಳ್ಳಲಿಲ್ಲ. ಮನೆಯೊಳಗೆ ಅವನ ಬಾಯಲ್ಲಿ ಕನ್ನಡ ಕೇಳಿದ್ದು ನಾನು ಅದೇ ಮೊದಲು.

“ನಂಗೆ ತಪ್ಪು ಅರ್ಥ ಆಯ್ತು ಇರಮ್. ನೀನು ಬರೆದಿದ್ದು ಓದ್ದೆ. ಅವತ್ತಿಂದ ಅಂಗಡೀಲಿ ಕೂರಕ್ಕಾಗ್ತಿಲ್ಲ. ಬರೋಕೂ ಧೈರ್ಯ ಆಗ್ಲಿಲ್ಲ.”

“ನಾನೇನು ಬರ್ದೆ?”

“ಗ್ರೂಪಲ್ಲಿ. ವಸುಧಾ ಬಗ್ಗೆ.”

“ವಸುಧಾ ಯಾರು? ಆ ಸೀರಿಯಲ್ ನಾನು ನೋಡಲ್ಲ.”

ಅವನು ತನ್ನ ಫೋನು ತೆಗೆದು ಅವಳ ಕೈಗೆ ಕೊಟ್ಟ. ಇರಮ್ ನಿಧಾನಕ್ಕೆ ಓದಿದಳು. ಓದಿ ನನ್ನ ಕಡೆ ನೋಡಿದಳು. ಅವನೂ ನೋಡಿದ. ಮೂರು ವಾರದಿಂದ ಅತ್ತೆಯ ಹತ್ತಿರ ಸಂಸಾರದ ವಾದ ಮಾಡಿದ್ದೇನೆ ಎಂದು ಗೊತ್ತಾದಾಗ ಅವನ ಕಿವಿ ಕೆಂಪಾದದ್ದನ್ನು ನೋಡಬೇಕಿತ್ತು.

“ನಾನೇ ಕಣಪ್ಪ” ಎಂದೆ. “ಫೋನು ಅವಳದು, ಮಾತು ನಂದು. ಬೈಯೋದಿದ್ರೆ ಬೈದ್ಬಿಡಿ ಇಬ್ರೂ.”

ಅಫ್ತಾಬ್ ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಇರಮ್ ಕಡೆ ತಿರುಗಿ, “ಹಾಗಾದ್ರೆ ನೀನು ಅವತ್ತು ಹೇಳಿದ್ದು ಏನು?” ಎಂದು ಮೆಲ್ಲಗೆ ಕೇಳಿದ. ಅರ್ಥ ಹೇಳುವವನು ಅರ್ಥ ಕೇಳಿದ.

“ಇದೇ” ಎಂದಳು ಇರಮ್. “ನಿಮ್ಮನೇಲಿ ನನ್ನ ಮಾತಿಗೆ ಎಲ್ರೂ ನಗ್ತಿದ್ರು. ನೀವೂ ನಗ್ತಿದ್ರಿ. ಹೇಳಕ್ಕೆ ಇದ್ದಿದ್ದು ಅದೊಂದು ಪದ. ಅದನ್ನೂ ನೀವು ಬೇರೆ ಮಾಡ್ಕೊಂಡ್ರಿ.”

ಅವನು ಏನನ್ನೂ ತಿದ್ದಲಿಲ್ಲ. ಒಂದು ಅವರೆಕಾಯಿ ತೆಗೆದುಕೊಂಡು ಸುಲಿಯಲು ಶುರು ಮಾಡಿದ. ಕಾಳು ಚಾಪೆಯಾಚೆ ಹಾರಿತು, ಇರಮ್ ಎತ್ತಿ ಬುಟ್ಟಿಗೆ ಹಾಕಿದಳು. ನನ್ನ ಮಗಳ ಮನೆ ನಿಂತಿತು ಎಂದು ನನಗೆ ಅಷ್ಟರಲ್ಲೇ ಗೊತ್ತಾಯಿತು. ಅಲ್ಹಮ್ದುಲಿಲ್ಲಾ ಎಂದು ಟಿವಿ ಕಡೆ ತಿರುಗಿದೆ. ವಿರೂಪಾಕ್ಷನಿಗೆ ವಸುಧಾಳ ಅಕ್ಕ ಏನೋ ಹೇಳಲು ಬಂದಿದ್ದಳು, ಇನ್ನೇನು ಗುಟ್ಟು ಬಿಚ್ಚುವುದರಲ್ಲಿತ್ತು.

“ಅಮ್ಮೀ.”

ಇರಮ್ ಅವನ ಫೋನನ್ನು ಇನ್ನೂ ಒಂದು ಕೈಯಲ್ಲೇ ಹಿಡಿದಿದ್ದಳು. ಅದನ್ನು ಮತ್ತೆ ಓದುತ್ತಿದ್ದಳು.

“ನಾನು ನಿನಗೆ ಇದೇನೂ ಹೇಳೇ ಇರ್ಲಿಲ್ಲ. ಬೇಜಾರು ಅಂತಷ್ಟೇ ಅಂದಿದ್ದೆ. ಇಷ್ಟೆಲ್ಲಾ ನಿಂಗೆ ಹೆಂಗೆ ಗೊತ್ತಾಯ್ತು?”

ಇಷ್ಟು ವರ್ಷದಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

“ನೀನು ಅಬ್ಬಾಗೆ ಹೇಳಿದ್ಯಾ?”

“ಹೇಳ್ದೆ. ನೀನು ಇನ್ನೂ ಹುಟ್ಟಿರ್ಲಿಲ್ಲ.”

“ಅಬ್ಬಾ ಏನಂದ್ರು?”

“ಏನೂ ಅನ್ಲಿಲ್ಲ. ಮಾರನೇ ದಿನ ಟಿವಿ ತಂದ್ರು.”

ಹಾಸಿಗೆಯಲ್ಲಿ ಸುತ್ತಿ, ಸೈಕಲ್ಲಿನ ಮೇಲೆ ಕೂರಿಸಿ, ಒಡೆಯದ ಹಾಗೆ ನಡೆಸಿಕೊಂಡು ತಂದಿದ್ದರು. ಸಂಜೆಯತನಕ ಮಾಡಿನ ಮೇಲೆ ನಿಂತು ಆಂಟೆನಾ ತಿರುಗಿಸಿ, ಈಗ ಬಂತಾ, ಈಗ ಬಂತಾ ಎಂದು ಕೂಗುತ್ತಿದ್ದರು. ಕೆಳಗಿಳಿದು ಬಂದಾಗ ರೆಪ್ಪೆಯ ಮೇಲೆ ಹತ್ತಿ ಇಟ್ಟುಕೊಂಡು ಎಷ್ಟು ಖುಷಿಯಾಗಿದ್ದರೆಂದರೆ, ನಾನು ಕೇಳಿದ್ದು ಇದಲ್ಲ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಆಮೇಲೆ ಅವರು ಅಂಗಡಿಗೆ ಹೋದರು, ನಾನು ಟಿವಿ ನೋಡಿದೆ. ಜೀವಮಾನವೆಲ್ಲ ನೋಡಿದೆ.

ಇದನ್ನು ನಾನು ಹೇಳಿದೆನೋ ಸುಮ್ಮನೆ ನೆನೆದೆನೋ ಗೊತ್ತಿಲ್ಲ. ಇರಮ್ ಎದ್ದು ಬಂದು, ವಸುಧಾಳ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಟಿವಿ ಆರಿಸಿ, ನನ್ನ ಪಕ್ಕ ಕೂತಳು.